ಅಟ್ಟಕ್ಕೆ ತಿರುಗಿಸಿದ ಕೊಳವೆ

ತಿಪಟೂರಿನ ಒಂದು ಸಭಾಂಗಣದಲ್ಲಿ ಕೂತು, ಈ ದೇಶ ತನ್ನ ಹೊಗೆಯನ್ನು ಹೇಗೆ ಕಡಿಮೆ ಮಾಡಿಕೊಳ್ಳಬೇಕು ಎಂಬ ಭಾಷಣ ಕೇಳುತ್ತಿದ್ದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಮ್ಮನ್ನೆಲ್ಲ ಕರೆಸಿ, ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ತಿಳಿಹೇಳುವ ಕಾರ್ಯಕ್ರಮ ಅದು. ಕಿಟಕಿಗಳಿಗೆ ಪರದೆ ಎಳೆದು, ಹಗಲು ಹೊತ್ತಿನಲ್ಲಿ ಟ್ಯೂಬ್‌ಲೈಟು ಹಾಕಿಕೊಂಡು, ವಿದ್ಯುತ್ ಉಳಿಸುವ ಮಾತು ನಡೆದಿತ್ತು.

ಭಾಷಣಕಾರರು ಒಳ್ಳೆಯ ಮಾತುಗಾರರೇ. ಹೊಗೆ ತಗ್ಗಿಸಲು ದೇಶದ ಮುಂದೆ ಏನೇನು ದಾರಿಗಳಿವೆ ಎಂದು ಒಂದೊಂದಾಗಿ ಪರದೆಯ ಮೇಲೆ ತೋರಿಸಿದರು. ಕಲ್ಲಿದ್ದಲ ಮೇಲೆ ತೆರಿಗೆ ಹಾಕಬಹುದು ಎಂದರು, ಆದರೆ ಅದು ರಾಜಕೀಯವಾಗಿ ಕಷ್ಟ ಎಂದು ಮುಂದಕ್ಕೆ ಹೋದರು. ಕಾರುಗಳನ್ನು ಕಡಿಮೆ ಮಾಡಿ ಬಸ್ಸು ಹೆಚ್ಚಿಸಬಹುದು, ಅದಕ್ಕೆ ಕಾಲ ಬೇಕು. ತೋಟದ ಪಂಪ್‌ಸೆಟ್ಟಿನ ಕರೆಂಟಿಗೆ ಬೆಲೆ ಕಟ್ಟಬಹುದು ಎಂದು ಹೇಳಿ ಅವರೇ ನಕ್ಕುಬಿಟ್ಟರು. ಸಭೆಯಲ್ಲಿದ್ದ ಗಂಡಸರೆಲ್ಲ ಜೊತೆಗೆ ನಕ್ಕರು. ಕೊನೆಗೊಂದು ಚಿತ್ರ ಬಂತು. ಮೂರು ಕಲ್ಲಿನ ಒಲೆಯ ಮುಂದೆ ಕೂತು, ಸೆರಗನ್ನು ಮೂಗಿಗೆ ಒತ್ತಿಕೊಂಡು, ಊದುಗೊಳವೆ ಹಿಡಿದಿರುವ ಒಬ್ಬ ಹೆಂಗಸು.

"ಇದು ಎಲ್ಲಕ್ಕಿಂತ ಸುಲಭವಾದ ದಾರಿ. ಇಲ್ಲಿಂದ ಶುರು ಮಾಡಬಹುದು" ಎಂದರು.

ಸುಲಭವಂತೆ. ಯಾಕೆ ಸುಲಭ ಎಂದು ನನಗೆ ಗೊತ್ತು. ಕಲ್ಲಿದ್ದಲಿನವನು ಜಗಳಕ್ಕೆ ಬರುತ್ತಾನೆ, ಕಾರಿನವನು ಬರುತ್ತಾನೆ, ಪಂಪ್‌ಸೆಟ್ಟಿನವನು ರಸ್ತೆಗೆ ಅಡ್ಡ ಮಲಗುತ್ತಾನೆ. ಒಲೆಯ ಮುಂದೆ ಕೂತವಳಿಗೆ ಕೆಮ್ಮಿನ ನಡುವೆ ಮಾತಾಡಲು ಉಸಿರೇ ಇರುವುದಿಲ್ಲ. ಅಂಥವಳು ಒಬ್ಬಳು ನಮ್ಮ ಮನೆಯಲ್ಲೇ ಇದ್ದಳು. ಅವಳ ಒಲೆಯಿಂದ ಈ ದೇಶ ಒಮ್ಮೆ ಶುರು ಮಾಡಿಯೂ ಆಗಿತ್ತು.

ನಮ್ಮೂರು ದಂಡಿನಶಿವರದ ಕಡೆಯದು. ಅಡುಗೆಮನೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಸೀಮೆಯ ಉಂಡೆ ಕೊಬ್ಬರಿ ಆಗುವುದು ಹೀಗೆ. ಬಲಿತ ಕಾಯಿಯನ್ನು ಹೊರಗಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿಬಿಟ್ಟರೆ ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು, ಆಗ ಇಳಿಸುವುದು. ಅಟ್ಟಕ್ಕೆ ಹಲಗೆ ಹೊಡೆಯುವುದಿಲ್ಲ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಸಂದು ಬಿಟ್ಟು ಹಾಸಿರುತ್ತಾರೆ, ಕೆಳಗಿನ ಒಲೆಯ ಬಿಸಿಯೂ ಹೊಗೆಯೂ ಆ ಸಂದಿನಲ್ಲಿ ಮೇಲೆ ಹೋಗಿ ಕಾಯಿಗೆ ತಾಗಲಿ ಎಂದು. ಮಳೆಗಾಲದಲ್ಲಿ ಥಂಡಿ ಹಿಡಿದರೆ ಕಾಯಿ ಒಳಗೇ ಬೂಷ್ಟು ಬಂದು ಕೆಡುತ್ತದೆ. ಹಾಗಾಗಿ ಒಲೆ ಆರಬಾರದು. ಅಡುಗೆ ಆದ ಮೇಲೂ ಅವ್ವ ಒಂದಷ್ಟು ಮಟ್ಟೆಯನ್ನು ಬೆಂಕಿಗೆ ತುರುಕಿ, ಉರಿಯದೆ ಬರೀ ಹೊಗೆಯಾಡುವ ಹಾಗೆ ಬಿಟ್ಟು, ಅದೇ ಹೊಗೆಯಲ್ಲಿ ಕೂತು ಪಾತ್ರೆ ತೊಳೆದುಕೊಳ್ಳುತ್ತಿದ್ದಳು.

ಹೊಗೆ ಕುಡಿದ ಕಾಯಿ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ. ಕಾಯಿ ಕುಡಿದು ಮಿಕ್ಕಿದ್ದನ್ನು ಯಾರು ಕುಡಿದರು ಎಂದು ಅವನು ಯಾವತ್ತೂ ಯೋಚಿಸಲಿಲ್ಲ. ಅವ್ವನ ಕಣ್ಣು ಸದಾ ಕೆಂಡದ ಹಾಗೆ ಇರುತ್ತಿತ್ತು. ಮುದ್ದೆಗೆ ಹಿಟ್ಟು ತೊಳಸುವಾಗ ಎರಡು ಸುತ್ತಿಗೊಮ್ಮೆ ದೊಣ್ಣೆ ಬಿಟ್ಟು, ಬಾಗಿಲಿಗೆ ಬಂದು, ಗಾಳಿ ಎಳೆದುಕೊಂಡು ಮತ್ತೆ ಒಳಗೆ ಹೋಗುವಳು. ಆ ಬಾಗಿಲಿನ ಚೌಕಟ್ಟಿನಲ್ಲಿ ಅವಳು ಕೈಯಿಟ್ಟು ನಿಲ್ಲುತ್ತಿದ್ದ ಜಾಗ ಸವೆದು ನುಣ್ಣಗಾಗಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ, ನಾನು ತುರುವೇಕೆರೆಯಲ್ಲಿ ಕಾಲೇಜು ಓದುತ್ತಿದ್ದಾಗ, ಊರಿಗೆ ಹೊಗೆರಹಿತ ಒಲೆಯ ಯೋಜನೆ ಬಂತು. ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದು ಅರಳಿಕಟ್ಟೆಯ ಮೇಲೆ ನಿಂತು ಹೇಳಿದರು. ಸೌದೆ ಉಳಿಯುತ್ತದೆ, ಕಾಡು ಉಳಿಯುತ್ತದೆ, ಆಕಾಶಕ್ಕೆ ಹೋಗುವ ಹೊಗೆ ಕಡಿಮೆಯಾಗಿ ದೇಶಕ್ಕೆ ಒಳ್ಳೆಯದಾಗುತ್ತದೆ. ಗಂಡಸರು ಸೌದೆ ಉಳಿಯುತ್ತದೆ ಎಂಬಲ್ಲಿ ತಲೆಯಾಡಿಸಿದರು. ಹೆಂಗಸರು ಹಿಂದೆ ನಿಂತು, ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ ಹೋಗುತ್ತದೆ ಎಂಬ ಒಂದು ಮಾತನ್ನಷ್ಟೇ ಹಿಡಿದುಕೊಂಡು ಮನೆಗೆ ಬಂದರು.

ನಮ್ಮ ಮನೆಗೂ ಒಲೆ ಕಟ್ಟಿದರು. ಸಿಮೆಂಟಿನ ಕೊಳವೆಯನ್ನು ಗೋಡೆ ಕೊರೆದು ಹೊರಗೆ ಬಿಟ್ಟರು. ಮೊದಲ ದಿನ ಬೆಂಕಿ ಹಚ್ಚಿದ ಮೇಲೆ ಅವ್ವ ಹಿತ್ತಲಿಗೆ ಓಡಿ, ಕೊಳವೆಯ ಬಾಯಿಂದ ಹೊಗೆ ಬರುತ್ತಿರುವುದನ್ನು ನೋಡಿ, ಮತ್ತೆ ಒಳಗೆ ಬಂದು ಒಲೆ ನೋಡಿದಳು.

"ಕಣ್ಣು ಬುಟ್ಕಂಡು ಹಿಟ್ಟು ತೊಳಸ್ತಾ ಇವ್ನಿ ಕಣೇ, ಬಂದು ನೋಡು" ಎಂದು ನನ್ನನ್ನು ಕೂಗಿದಳು.

ಆ ವಾರವೇ ಅವ್ವ ಸುಣ್ಣ ತರಿಸಿ ಅಡುಗೆಮನೆಯ ಗೋಡೆಗೆ ಬಳಿದಳು. ನಮ್ಮ ಮನೆಯಲ್ಲಿ ಹಬ್ಬಕ್ಕೆ ಪಡಸಾಲೆಗೆ ಸುಣ್ಣ ಹೊಡೆಯುತ್ತಿದ್ದರೇ ಹೊರತು ಅಡುಗೆಮನೆಗೆ ಅಲ್ಲ. ಅದು ಕಪ್ಪಗಿರುವುದೇ ಅದರ ಬಣ್ಣ ಎಂದು ನಾವು ತಿಳಿದಿದ್ದೆವು. ಗೋಡೆ ಬೆಳ್ಳಗಾಯಿತು. ಕೆಮ್ಮು ತಗ್ಗಿತು. ಅವ್ವ ಒಲೆಯ ಮುಂದೆ ಕೂತು, ಕೆಲಸ ಮುಗಿದ ಮೇಲೂ, ಯಾರೂ ಹೇಳದೆ, ಸುಮ್ಮನೆ ಕೂತಿರುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವಳು ಬೇಕೆಂದು ಕೂತದ್ದನ್ನು ನಾನು ನೋಡಿದ್ದು ಆಗಲೇ.

ಮಳೆಗಾಲ ಬಂತು. ಅಪ್ಪ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡಿದ. ಗಡಗಡ ಎನ್ನಬೇಕಾದ ಕಾಯಿ ಇನ್ನೂ ನೀರಿನ ಸದ್ದು ಮಾಡುತ್ತಿತ್ತು. ಒಂದೆರಡು ಒಡೆದರೆ ಒಳಗೆ ಹಸಿರು ಬೂಷ್ಟು. ಬೀದಿಯಲ್ಲಿ ಯಾರ ಮನೆಗೆ ಹೊಸ ಒಲೆ ಬಂದಿತ್ತೋ ಅವರ ಅಟ್ಟದ ಕಥೆಯೆಲ್ಲ ಅದೇ. ಕೆಳಗಿನಿಂದ ಬಿಸಿ ಬರುವುದೇ ನಿಂತುಹೋಗಿತ್ತಲ್ಲ. ದೇಶಕ್ಕೆ ಒಲೆ ಕೊಟ್ಟವರು ಒಲೆಯ ಮೇಲೆ ಏನಿದೆ ಎಂದು ತಲೆಯೆತ್ತಿ ನೋಡಿರಲಿಲ್ಲ. ಅದೂ ಎಲ್ಲಿ? ಕೊಬ್ಬರಿಯ ಸೀಮೆಗೆ ಬಂದು!

ಹಾಗಂತ ಅವರ ಮೇಲೆ ಮಾತ್ರ ಸಿಟ್ಟು ಮಾಡಿಕೊಂಡರೆ ನಮ್ಮವರನ್ನು ಪುಕ್ಕಟೆ ಬಿಟ್ಟಹಾಗಾಗುತ್ತದೆ. ನಮ್ಮ ಬೀದಿಯ ಗಂಡಸರು ಜಗಲಿಯ ಮೇಲೆ ಕೂತು ಉಪಾಯ ಹುಡುಕಿದರು. ಒಲೆ ಕಿತ್ತುಹಾಕಿದರೆ ಸರ್ಕಾರದವರು ಕೇಳುತ್ತಾರೆ. ಸೌದೆ ಉಳಿಯುವುದೂ ತಪ್ಪುತ್ತದೆ. ಆದ್ದರಿಂದ ಒಲೆ ಇರಲಿ, ಕೊಳವೆಯನ್ನಷ್ಟೇ ತಿರುಗಿಸೋಣ ಎಂದು ಒಬ್ಬ ಹೇಳಿದ. ಎಲ್ಲರಿಗೂ ಅದು ಬಹಳ ಬುದ್ಧಿವಂತಿಕೆಯಾಗಿ ಕಂಡಿತು. ಗೋಡೆಯ ತೂತಿಗೆ ಗೋಣಿಚೀಲ ತುರುಕಿ, ಕೊಳವೆಗೊಂದು ಬಾಗು ಕೂರಿಸಿ, ಅದರ ಬಾಯಿಯನ್ನು ನೇರ ಅಟ್ಟದೊಳಕ್ಕೆ ಇಟ್ಟರು. ಹೊಗೆರಹಿತ ಒಲೆಯ ಹೊಗೆಯನ್ನೆಲ್ಲ ಮನೆಯೊಳಗೇ ಬಿಟ್ಟುಕೊಳ್ಳುವ ಜನ ಈ ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಬೀದಿಯ ತುಂಬ ಇದ್ದರು.

ಅಟ್ಟದಲ್ಲಿ ತುಂಬಿಕೊಂಡ ಹೊಗೆ ಎಲ್ಲಿಗೆ ಹೋಗಬೇಕು? ಹಂಚಿನ ಸಂದಿಯಲ್ಲಿ ಒಂದಿಷ್ಟು ಹೋಗುವುದು, ಉಳಿದದ್ದು ಅಡಿಕೆ ದಬ್ಬೆಯ ಸಂದಿನಿಂದ ಅವ್ವನ ತಲೆಯ ಮೇಲೆ ಇಳಿಯುವುದು. ಮೊದಲಿನ ಹೊಗೆ ಒಲೆಯಿಂದ ಮೇಲೆ ಏರುತ್ತಿತ್ತು, ಬಗ್ಗಿ ಕೂತರೆ ಅಷ್ಟೋ ಇಷ್ಟೋ ತಪ್ಪಿಸಿಕೊಳ್ಳಬಹುದಿತ್ತು. ಈಗ ಮೇಲಿನಿಂದಲೇ ಸುರಿಯುತ್ತಿತ್ತು. ಬಿಳಿ ಗೋಡೆ ಮೇಲಿನಿಂದ ಕೆಳಗೆ ಕಪ್ಪಾಗುತ್ತಾ ಬಂತು.

ಅವ್ವ ಕೇಳಿದ್ದು ಒಂದೇ. "ಅಟ್ಟನ ಕೊಟ್ಟಿಗೆ ಮ್ಯಾಲೆ ಕಟ್ಕಳಿ ಕಣ್ರೀ. ಅಲ್ಲಿ ಬೆಂಕಿ ಹಾಕ್ಕಳಿ, ನಾನೇ ಬಂದು ಮಟ್ಟೆ ತುಂಬ್ತೀನಿ. ಅಡುಗೆಮನೆ ನಂಗೆ ಬುಟ್ಬುಡಿ."

"ಮುಂದಿನ ವರ್ಷ ನೋಡಾನ ಬುಡು" ಎಂದ ಅಪ್ಪ.

ಅವನ ಮುಂದಿನ ವರ್ಷ ಬರಲೇ ಇಲ್ಲ. ಒಂದು ಸಲ ರಜೆಗೆ ಬಂದಾಗ ನಾನು ಅಪ್ಪನ ಮೇಲೆ ಕೂಗಾಡಿದೆ. ಅವ್ವ ಸಾಯ್ತಾಳೆ, ನಿನಗೆ ಕೊಬ್ಬರಿಯೇ ಹೆಚ್ಚಾಯಿತಾ ಎಂದೆ. ಅಪ್ಪ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿ, "ಕೊಬ್ರಿ ಕೆಟ್ರೆ ನಿನ್ನ ಓದಿಗೆ ಯಾವನು ಕೊಡ್ತಾನೆ ಮಗ?" ಎಂದ. ಗದರಲಿಲ್ಲ, ನಿಜವಾಗಿಯೂ ಕೇಳಿದ. ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ಅದೇ ಅಪ್ಪ ತೋಟದ ಬೋರ್‌ವೆಲ್ಲಿಗೆ ಆಟೋಮ್ಯಾಟಿಕ್ ಸ್ಟಾರ್ಟರ್ ಹಾಕಿಸಿದ್ದ. ಕರೆಂಟು ಬಂದಾಗಲೆಲ್ಲ ಮೋಟಾರು ತಾನಾಗಿ ಶುರುವಾಗಿ, ಪಾತಿ ತುಂಬಿ ಹರಿದು, ಪಕ್ಕದ ದಾರಿ ಕೆಸರಾದರೂ ಆರಿಸುವವರಿರಲಿಲ್ಲ. ಆ ಕರೆಂಟಿಗಾಗಿ ಎಲ್ಲೋ ದೂರದಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. ಆ ಹೊಗೆಯ ಬಗ್ಗೆ ಯಾವ ಅಧಿಕಾರಿಯೂ ಅರಳಿಕಟ್ಟೆ ಹತ್ತಿ ಮಾತಾಡಲಿಲ್ಲ. ಗಂಡಸರ ಹೊಗೆ ದೂರದ್ದು, ಕಾಣುವುದಿಲ್ಲ. ಹೆಂಗಸರದು ಮನೆಯೊಳಗಿನದು, ಅದನ್ನು ತಿದ್ದಲು ಜೀಪು ಬರುತ್ತದೆ.

ಜೀಪು ಮತ್ತೆ ಬಂತು ಕೂಡ. ಒಲೆಗಳು ಹೇಗಿವೆ ಎಂದು ಸಾಹೇಬರು ನೋಡಲು ಬರುತ್ತಾರೆ ಎಂದು ಪಂಚಾಯಿತಿಯ ಜವಾನ ಮುಂಚೆಯೇ ಹೇಳಿಹೋದ. ಸರಿ, ಬೀದಿಗೆ ಬೀದಿಯೇ ಎದ್ದು ಕೂತಿತು. ಗಂಡಸರೆಲ್ಲ ಗೋಡೆಯ ತೂತಿನ ಗೋಣಿಚೀಲ ಕಿತ್ತು, ಕೊಳವೆಗಳನ್ನು ಅಟ್ಟದಿಂದ ಇಳಿಸಿ ಹೊರಗೆ ತಿರುಗಿಸಿದರು. ಅಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಗೋಡೆ ಕಪ್ಪಗಿದ್ದರೆ ಗುಟ್ಟು ಬಯಲಾಗುತ್ತದೆ ಎಂದು ತಾನೇ ಬಕೆಟ್ಟಿನಲ್ಲಿ ಸುಣ್ಣ ಕಲಸಿ ಅಡುಗೆಮನೆಗೆ ಬಳಿದ. ಗೋಡೆ ಮತ್ತೆ ಕಪ್ಪಾದ ಮೇಲೆ ಅವ್ವ ಎಷ್ಟು ಸಲ ಸುಣ್ಣ ಹೊಡೆಸಿಕೊಡಿ ಎಂದು ಕೇಳಿದ್ದಳೋ, ಆಗೆಲ್ಲ ಅಡುಗೆಮನೆಗ್ಯಾಕೆ ಸುಣ್ಣ ಎಂದಿದ್ದವನು, ಜೀಪಿನವರು ನೋಡುತ್ತಾರೆಂದ ಕೂಡಲೇ ಪಂಚೆ ಎತ್ತಿಕಟ್ಟಿ ನಿಂತ. ನೆನೆಸಿಕೊಂಡರೆ ಈಗಲೂ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಸಾಹೇಬರು ಬಂದರು. ಅವ್ವನನ್ನು ಒಲೆಯ ಪಕ್ಕ ಕೂರಿಸಿ ಫೋಟೋ ತೆಗೆಸಿದರು. ನಗಮ್ಮಾ ಎಂದರು, ಅವ್ವ ನಕ್ಕಳು. ನಕ್ಕು ಮುಗಿಸಿ ಕೇಳಿದಳು.

"ಸಾಮಿ, ಒಲೆ ಚೆನ್ನಾಗೈತೆ. ಅಟ್ಟಕ್ಕೆ ಏನಾರ ಮಾಡ್ಕೊಡ್ತೀರಾ? ಅದುನ್ನ ಬ್ಯಾರೆ ಕಡೀಕೆ ಹಾಕಕೆ?"

ಅಪ್ಪ ಕಣ್ಣಲ್ಲೇ ಸುಮ್ಮನಿರು ಎಂದ. ಸಾಹೇಬರು ಮೇಲೆ ನೋಡಿದರು. ಕಾಯಿಯ ರಾಶಿ ಅವರಿಗೆ ಕಂಡಿತು, ಕೊಳವೆಯ ಬಾಗಿನ ಮಸಿಯೂ ಕಂಡಿರಬೇಕು. ಕೆಟ್ಟ ಮನುಷ್ಯರೇನಲ್ಲ, ಮುಖ ಸಣ್ಣಗಾಯಿತು. "ಅಟ್ಟ ನಮ್ಮ ಸ್ಕೀಮಲ್ಲಿ ಬರಲ್ಲಮ್ಮ. ನಮಗೆ ಒಲೆ ಮಾತ್ರ ಹೇಳಿರೋದು" ಎಂದು ಜೀಪಿನ ಕಡೆ ನಡೆದರು.

ಜೀಪು ಊರಬಾಗಿಲು ದಾಟುವ ಮೊದಲೇ ಅಪ್ಪ ಏಣಿ ತಂದು ಅಟ್ಟಕ್ಕೆ ಒರಗಿಸಿದ. ಅವ್ವ ಆಗಿನ್ನೂ ಒಲೆಯ ಮುಂದೆಯೇ ಇದ್ದಳು, ಎಸರು ಕುದಿಯುತ್ತಿತ್ತು. ಕೊಳವೆ ಕಿರ್ರೆಂದು ತಿರುಗಿ ಒಂದು ಹಿಡಿ ಮಸಿ ಹೊಸ ಸುಣ್ಣದ ಗೋಡೆಯ ಮೇಲೆಯೂ ಎಸರಿನ ಮಡಕೆಯೊಳಗೂ ಬಿತ್ತು. ಅವ್ವ ಮಡಕೆ ಇಳಿಸಿದಳು. ಎಸರು ಚೆಲ್ಲಿದಳು. ಹಿತ್ತಲಿನ ಸೀಬೆಗಿಡದ ಕೆಳಗೆ ಮೂರು ಕಲ್ಲು ಹೂಡಿ ಅಲ್ಲೇ ಬೆಂಕಿ ಹಚ್ಚಿದಳು.

"ನಿಮ್ಮ ಕಾಯಿಗೆ ಹೊಗೆ ಬೇಕಾದ್ರೆ ನೀವೇ ಒಳೀಕೆ ಕೂತ್ಕಂಡು ಊದ್ರಿ" ಎಂದಳು. ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಬೇಲಿಯಾಚೆ ಬೀದಿಯೆಲ್ಲ ನೋಡುವ ಹಾಗೆ ಅವ್ವ ಬಯಲಲ್ಲಿ ಅಡುಗೆ ಮಾಡಿದಳು. ಮಳೆ ಹನಿದರೆ ಮೇಲೊಂದು ತಗಡು ಹಿಡಿದು ಮಾಡಿದಳು. ಅಪ್ಪನಿಗೆ ಮರ್ಯಾದೆ ಹೋದಂತಾಯಿತು, ಆದರೆ ಅಟ್ಟದಲ್ಲಿ ವರ್ಷದ ಕಾಯಿ. ಮುಖ ಗಂಟಿಕ್ಕಿಕೊಂಡು ಅಡುಗೆಮನೆಯಲ್ಲಿ ಕೂತು ಮಟ್ಟೆ ತುಂಬಿ ಊದಿದ. ಅವ್ವ ವರ್ಷಗಟ್ಟಲೆ ಕೂತ ಜಾಗದಲ್ಲಿ ಅವನು ಒಂದು ವಾರವೂ ಕೂರಲಿಲ್ಲ. ಕಣ್ಣು ಬಾತುಕೊಂಡಿತು, ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡ. ಬಡಗಿಯನ್ನು ಕರೆದುಕೊಂಡು ಬಂದ. ತೋಟದಲ್ಲಿ ಬಿದ್ದಿದ್ದ ತೆಂಗಿನ ಮರವನ್ನೇ ಸೀಳಿಸಿ ತೊಲೆ ಮಾಡಿಸಿ, ಮನೆಯಲ್ಲಿದ್ದ ಅಡಿಕೆ ದಬ್ಬೆಯನ್ನೇ ಹಾಸಿ, ಕೊಟ್ಟಿಗೆಯ ಮೇಲೆ ಅಟ್ಟ ಕಟ್ಟಿಸಿದ. ದನಗಳು ಮೇಯಲು ಹೋದಾಗ ಅಲ್ಲಿ ಬೆಂಕಿ ಹಾಕಿದರಾಯಿತು. ಇಷ್ಟೇ ಕೆಲಸ. ಇಷ್ಟೇ! ಮರ ನಮ್ಮದು, ದಬ್ಬೆ ನಮ್ಮದು. ಯಾವ ವರ್ಷ ಬೇಕಾದರೂ ಮಾಡಬಹುದಾಗಿತ್ತು. ಆದರೆ ಗಂಡಸಿನ ಕಣ್ಣಲ್ಲಿ ನೀರು ಬಂದ ಮೇಲೆ ಅಟ್ಟ ಜಾಗ ಬದಲಾಯಿಸಿತು.

ನಮ್ಮನ್ನು ನೋಡಿ ಬೀದಿಯಲ್ಲಿ ಇನ್ನು ಕೆಲವರು ಅಟ್ಟವನ್ನು ಹೊರಗೆ ಹಾಕಿಕೊಂಡರು. ಒಣಗಿಸುವುದು ಬಿಸಿ ಗಾಳಿ, ಹೊಗೆಯಲ್ಲ ಎಂದು ನಾನು ಟೀಚರ್ ಆದ ಮೇಲೆ ಅಪ್ಪನ ಜೊತೆ ವಾದ ಮಾಡಿದ್ದೂ ಉಂಟು. ಅವನು ಒಪ್ಪಿಲ್ಲ. ಆಮೇಲೆ ಮನೆಗೆ ಗ್ಯಾಸೂ ಬಂತು.

ಅಷ್ಟರಲ್ಲಿ ಅವ್ವನ ಎದೆ ಕೆಟ್ಟುಹೋಗಿತ್ತು. ತಿಪಟೂರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಅವ್ವನನ್ನು ನೋಡಿ, ಮತ್ತೆ ಎಕ್ಸ್‌ರೇ ನೋಡಿ, "ಬೀಡಿ ಸೇದ್ತಿದ್ರಾ ಅಮ್ಮ?" ಎಂದು ಮೆಲ್ಲಗೆ ಕೇಳಿದರು.

"ನಾನೆಲ್ಲಿ ಸೇದ್ಲಿ ಸಾಮಿ. ಕೊಬ್ರಿ ಸೇದ್ತಿತ್ತು, ನಾನು ಪಕ್ಕದಲ್ಲಿ ಕೂತಿದ್ದೆ" ಎಂದಳು ಅವ್ವ.

ಡಾಕ್ಟರು ಹಾಗೆ ಕೇಳಿ ಬಹಳ ದಿನವಾಗಿರಲಿಲ್ಲ, ನನ್ನನ್ನು ಆ ಸಭಾಂಗಣದಲ್ಲಿ ಕೂರಿಸಿ ಒಲೆ ಸುಲಭದ ದಾರಿ ಎಂದು ಹೇಳಿದ್ದು. ಭಾಷಣಕಾರರು ಮುಂದುವರಿಸಿದರು. ಹಿಂದೆ ಕೊಟ್ಟ ಒಲೆಗಳನ್ನು ಹಳ್ಳಿಯವರು ಸರಿಯಾಗಿ ಬಳಸಲಿಲ್ಲ, ತಿಳಿವಳಿಕೆ ಸಾಲದು ಎಂದರು. ಈಗ ಹೊಸದೊಂದು ದಾರಿ ಬಂದಿದೆ ಎಂದರು. ಹಳ್ಳಿಯ ಒಲೆಗಳು ಬದಲಾಗಿ ಎಷ್ಟು ಹೊಗೆ ಕಡಿಮೆಯಾಯಿತು ಎಂದು ಲೆಕ್ಕ ಹಿಡಿಯುತ್ತಾರೆ, ಹೊರದೇಶದ ಕಂಪನಿಗಳು ಆ ಲೆಕ್ಕವನ್ನು ಕೊಂಡುಕೊಳ್ಳುತ್ತವೆ, ಕೊಂಡಷ್ಟು ಹೊಗೆಯನ್ನು ಅವರು ತಮ್ಮಲ್ಲಿ ಬಿಟ್ಟುಕೊಳ್ಳಬಹುದು. ಎಲ್ಲರಿಗೂ ಲಾಭ.

ನಾನು ಎದ್ದು ನಿಂತೆ. "ಸಾರ್, ಆ ಚಿತ್ರದಲ್ಲಿ ಒಲೆಯ ಮೇಲೇನಿದೆ ತೋರಿಸಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅಟ್ಟದ ಕಥೆಯನ್ನು ಹೇಳಿದೆ. ಕೊಳವೆ ತಿರುಗಿಸಿದ್ದನ್ನು ಹೇಳಿದಾಗ ಸಭೆ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಕೊಬ್ಬರಿ ಮನೆಯವರೇ, ಅವರ ಅವ್ವಂದಿರೂ ಅದೇ ಅಟ್ಟದ ಕೆಳಗೆ ಕೂತವರೇ. ಕಲ್ಲಿದ್ದಲಿಗೆ ಕಷ್ಟ, ಪಂಪ್‌ಸೆಟ್ಟಿಗೆ ನಗು, ನಮ್ಮ ಅವ್ವಂದಿರಿಗೆ ತಿಳಿವಳಿಕೆ ಸಾಲದು, ಇದು ಯಾವ ನ್ಯಾಯ ಸಾರ್ ಎಂದೆ. ಒಳ್ಳೆಯ ಅನುಭವ ಹಂಚಿಕೊಂಡಿರಿ ಎಂದು ಅವರು ಕೈಗಡಿಯಾರ ನೋಡಿಕೊಂಡರು. ಊಟಕ್ಕೆ ಪಲಾವು ಬಂದಿತ್ತು. ನಾನು ಉಣ್ಣದೆ ಬಸ್ಸು ಹತ್ತಿದೆ.

ಊರಿಗೆ ಬಂದಾಗ ಅವ್ವ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾಲ್ಕು ಕಾಯಿ ಸುಲಿದು ನಿಲ್ಲಿಸುವಳು, ಉಸಿರು ಎಳೆದುಕೊಂಡು ಮತ್ತೆ ಸುಲಿಯುವಳು. ಕೊಟ್ಟಿಗೆಯ ಕಡೆಯಿಂದ ಮಟ್ಟೆಯ ಹೊಗೆ ತೆಳ್ಳಗೆ ಮೇಲೇರುತ್ತಿತ್ತು. ಅಪ್ಪ ಪಕ್ಕದಲ್ಲೇ ಕೂತು ಸುಲಿದ ಸಿಪ್ಪೆಯನ್ನು ಬುಟ್ಟಿಗೆ ತುಂಬುತ್ತಿದ್ದ. ನನ್ನ ಮುಖ ನೋಡಿ ಅವ್ವ ಏನಾಯಿತೆಂದು ಕೇಳಿದಳು. ನಾನು ಸಿಟ್ಟಿನಲ್ಲೇ ಎಲ್ಲವನ್ನೂ ಹೇಳಿದೆ. ಕಡಿಮೆಯಾದ ಹೊಗೆಯನ್ನು ಲೆಕ್ಕ ಹಿಡಿದು ಮಾರುತ್ತಾರಂತೆ ಎಂಬುದನ್ನೂ ಹೇಳಿದೆ.

ಅವ್ವ ಕೈಯಲ್ಲಿದ್ದ ಅವರೆಕಾಯಿಯನ್ನು ಕೆಳಗಿಟ್ಟಳು.

"ಅಂಗಾದ್ರೆ ಅವರ್ಗೆ ಹೇಳು ಮಗ" ಎಂದಳು, ನಡುವೆ ಉಸಿರಿಗಾಗಿ ನಿಲ್ಲಿಸಿ. "ನಾನು ಕುಡ್ದಿದ್ದು ಆಕಾಸಕ್ಕೆ ಹೋಗ್ಲಿಲ್ವಲ್ಲ. ಅದುನ್ನೂ ಲೆಕ್ಕಕ್ಕೆ ಸೇರುಸ್ಕಳಿ ಅನ್ನು."

ಅಪ್ಪ ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಕೊಟ್ಟಿಗೆಯ ಕಡೆ ಹೋದ.